ಮೂರು ಚುಕ್ಕೆ

ಹಾರ್ಲಿಂಗೆನ್ ಗ್ರಂಥಾಲಯದ ಮಹಡಿ, ಬುಧವಾರ ಸಂಜೆ.
ಏಳು ಕುರ್ಚಿ, ಐದು ಜನ, ಕಿಟಕಿಗಾಜಿಗೆ ಉಪ್ಪುಗಾಳಿ.
ನಾನು ಹೇಳಿಕೊಡುವುದು ಪೈಥಾನ್.
ಫ್ರೌಕ್ಯೆಗೆ ಎಪ್ಪತ್ತೊಂದು, ಕಡಲತೂಬು ಕಾಯುತ್ತಿದ್ದವನ ಮಗಳು.
ಕೈಚೀಲದಲ್ಲಿ ಅಪ್ಪನ ಹನ್ನೊಂದು ದಫ್ತರ:
ದಿನಕ್ಕೊಂದು ಸಾಲು, ಬೆಳಿಗ್ಗೆ ಎಂಟರ ನೀರು.

ಮೊದಲ ಪಾಠದಲ್ಲೇ ಹೇಳಿದ್ದೆ:
ಹೆಸರೆಂದರೆ ಡಬ್ಬಿಗೆ ಅಂಟಿಸಿದ ಚೀಟಿ,
ಇವತ್ತು ಸಕ್ಕರೆ, ನಾಳೆ ಉಪ್ಪು, ಕೇಳುವವರಿಲ್ಲ.
ಆದರೆ ಕೆಲವು ಹೆಸರು ನಾವು ಬರುವ ಮೊದಲೇ ಬಂದು ಕೂತಿವೆ
ದೊಡ್ಡಕ್ಷರದ ಟೋಪಿ ತೊಟ್ಟು:
ಟ್ರೂ. ಫಾಲ್ಸ್. ನನ್.

ಟ್ರೂ ಅಂದರೆ ಸೊನ್ನೆ ಎಂದು ಬರೆದು ನೋಡಿದಳು, ತುಂಟಿ.
ಜಪ್ಪಯ್ಯ ಅಂದರೂ ಯಂತ್ರ ಒಪ್ಪಲಿಲ್ಲ.
ಹಳೆಯ ಆವೃತ್ತಿ ಒಪ್ಪುತ್ತಿತ್ತು, ಅಂದೆ,
ಯಾರು ಬೇಕಾದರೂ ನಿಜದ ಚೀಟಿ ಕಿತ್ತು
ಸುಳ್ಳಿಗೆ ಹಚ್ಚಬಹುದಿತ್ತು.
"ಆಮೇಲೆ?"
ಆಮೇಲೆ ಬೀಗ ಜಡಿದರು.
"ಹಾಗಾದರೆ ನಮ್ಮ ಆಮ್‌ಸ್ಟರ್‌ಡ್ಯಾಮಿನ ಸೊನ್ನೆಯ ಹಾಗೆ," ಅಂದಳು.
"ಈ ನಾಡಿನ ನೀರೆಲ್ಲ ಅದರಿಂದಲೇ ಮೇಲೆ, ಅದರಿಂದಲೇ ಕೆಳಗೆ.
ನನ್ನ ಅಡುಗೆಮನೆ ಮೊಳದಷ್ಟು ಕೆಳಗೆ.
ಅಪ್ಪನ ಗೋರಿ ಆಳುದ್ದ ಮೇಲೆ."

ಚಳಿಗಾಲವಿಡೀ ಎರಡೇ ಬೆರಳಲ್ಲಿ ಕುಟ್ಟಿದಳು.
ಬರೆಯದೆ ಬಿಟ್ಟ ದಿನಕ್ಕೆಲ್ಲ ಸೊನ್ನೆ ತುಂಬಿದಳು.
ನಕ್ಷೆ ಬಿಡಿಸಿದರೆ,
ಅಲ್ಲಲ್ಲಿ ವಾರಗಟ್ಟಲೆ ಕಡಲು
ಗೋಡೆಗೆ ಹೊಡೆದ ಪಟದಂತೆ ಅಲುಗದೆ ನಿಂತಿದೆ.
ನಾನು ಗದರಿದೆ, ಗದರಬಾರದಿತ್ತು:
ಸೊನ್ನೆಯೆಂದರೆ ಯಾರೋ ಮರದ ಮೆಟ್ಟು ಮೆಟ್ಟಿ
ಅಳತೆಗಂಬದ ತನಕ ನಡೆದು, ಬಗ್ಗಿ ನೋಡಿ ಬಂದದ್ದು.
ಸೊನ್ನೆ ಒಂದು ಸಾಕ್ಷಿ.
ನೋಡದ ದಿನಕ್ಕೆ ನನ್ ಬರೆಯಬೇಕು,
ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಒಂದೊಂದೇ ತಿದ್ದಿದಳು, ಗೊಣಗುತ್ತ:
ಇದು ಕಾಮಾಲೆ.
ಇದು ಮಸಿ ಹೆಪ್ಪುಗಟ್ಟಿದ ವಾರ.
ಇದು ತಮ್ಮ ಬೋಪೆ ಹುಟ್ಟಿದ ಮಾರನೆಯ ದಿನ,
ರಾತ್ರಿಯಿಡೀ ಗುಂಡು ಹಾಕಿರಬೇಕು, ಮುಂಡೇದು.
ನನ್ ಬಂದರೆ ದಾಟು ಎಂದು ಒಂದು ಸಾಲು ಬರೆದುಕೊಟ್ಟೆ.
ಸರಾಸರಿ ಸರಿಹೋಯಿತು.

ಆರನೆಯ ದಫ್ತರ. ನವೆಂಬರ್ ಹತ್ತೊಂಬತ್ತು.
ಅಂಕಿಯ ಜಾಗದಲ್ಲಿ ಮೂರು ಚುಕ್ಕೆ.
ಖಾಲಿ ಬಿಟ್ಟದ್ದಲ್ಲ, ಒತ್ತಿ ಇಟ್ಟದ್ದು.
ಹಿಂದಿನ ಪುಟಕ್ಕೂ ಮಸಿ ಇಳಿದಿದೆ.
ಅದರ ಮಾರನೆಯ ದಿನವೂ ಹಾಗೇ.
"ನನಗಾಗ ನಾಲ್ಕು," ಅಂದಳು.
"ಹಟ್ಟಹಗಲಲ್ಲಿ ಪರದೆ ಎಳೆದಿತ್ತು. ಅಷ್ಟೇ ನೆನಪು.
ದೊಡ್ಡವಳಾದ ಮೇಲೆ ಕೇಳಿದರೆ
ಅವ್ವ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯಲು ಏಳುತ್ತಿದ್ದಳು."

ನನ್ ಬರಿ, ಅಂದೆ.
"ಅಪ್ಪ ನೋಡಲಿಲ್ಲವೆಂದು ನಿನಗೆ ಹೇಗೆ ಗೊತ್ತು?
ಚುಕ್ಕೆ ಇಟ್ಟಿದ್ದಾನಲ್ಲ.
ನಿನ್ನ ಭಾಷೆಯಲ್ಲಿ ಇದಕ್ಕೇನೂ ಇಲ್ಲವೋ?"

ಇತ್ತು. ನಾನೇ ಮರೆತಿದ್ದೆ.
ಆ ಟೋಪಿಯವರ ಪಕ್ಕದಲ್ಲೇ ಕೂತ ಇನ್ನೊಬ್ಬ,
ಯಾರೂ ಕರೆಯುವುದಿಲ್ಲ, ಮಾತಾಡಿಸುವುದಿಲ್ಲ:
ಬರೇ ಮೂರು ಚುಕ್ಕೆ ಸಾಕು, ಅದೇ ಒಂದು ಬೆಲೆ.
ಸೊನ್ನೆಯಲ್ಲ. ಇಲ್ಲವೂ ಅಲ್ಲ.

ಅವಳು ಮೂರು ಸಲ ಒತ್ತಿದಳು, ಅಪ್ಪನಷ್ಟೇ ಗಟ್ಟಿಯಾಗಿ.
ಓಡಿಸಿದೆವು.
ನನ್ ದಾಟುವ ಸಾಲು ಇದನ್ನು ದಾಟಲಿಲ್ಲ.
ಕೆಂಪಕ್ಷರ ಸುರಿಯಿತು:
ಈ ಎರಡನ್ನು ಕೂಡಿಸಲು ಬರುವುದಿಲ್ಲ.

ನಿಮಿಷದ ಕೆಲಸ, ಸರಿಮಾಡುತ್ತೇನೆ ಎಂದು ಕೈ ಚಾಚಿದರೆ
ಕೀಲಿಮಣೆಯ ಮೇಲೆ ಅಂಗೈ ಹಾಸಿದಳು.
"ಬಿಡು. ನಿಲ್ಲುವುದಾದರೆ ಅಲ್ಲಿ ನಿಲ್ಲಲಿ."

ಮುಂದಿನ ಬುಧವಾರ ಬಂದು ಕೋಟು ಬಿಚ್ಚದೆಯೇ ಓಡಿಸಿದಳು.
ನವೆಂಬರ್ ಹದಿನೆಂಟರ ತನಕ ಸರಾಗ.