ಆರು ನಿಮಿಷದ ಲೆಕ್ಕ

ಮೊದಲನೆಯವನ ಕಚೇರಿಯಲ್ಲಿ ಗಾಜಿನ ಮೇಜು,
ಕಾಫಿ ಪುಕ್ಕಟೆ, ಮಾತಿಗೆ ಮಾತ್ರ ಬೆಲೆ:
ಆರು ನಿಮಿಷಕ್ಕೆ ಇಪ್ಪತ್ತೆಂಟು ಪೌಂಡು.
ಗ್ಲೆನಿಸ್ ಮೂಗು ಒರೆಸಿಕೊಂಡದ್ದೇ ಎರಡು ನಿಮಿಷ.

ಎರಡನೆಯವಳು, ‘ಹಿಂಡಿಬಿಡೋಣ ಅವನನ್ನು’ ಎಂದಳು.
ಹಿಂಡಲು ಎಮ್ರಿಸನಲ್ಲಿ ಏನುಂಟು?
ಒಂದು ವ್ಯಾನು, ಮಂಡಿನೋವು,
ಇಪ್ಪತ್ತಾರು ವರ್ಷ ಉಕ್ಕು ಕಾಯಿಸಿದ ಪಿಂಚಣಿ.

ಸ್ವಾನ್ಸಿಯ ಹಿಂಬೀದಿಯಲ್ಲಿ
ಮೀನು ಕರಿಯುವ ಅಂಗಡಿಯ ಮೇಲೆ ಮೂರನೆಯ ಕೋಣೆ.
ಕಡತಗಳಿಗೂ ಎಣ್ಣೆಯ ವಾಸನೆ.
ಮಿಸೆಸ್ ಬೆವನ್ ಕನ್ನಡಕ ಮೂಗಿಗಿಳಿಸಿ
ಗ್ಲೆನಿಸ್ ಬರೆದು ತಂದ ಪಟ್ಟಿ ಓದಿದರು.
ಪಿಂಚಣಿಯ ಕೆಳಗೆ ಎರಡು ಗೆರೆ:
‘ಇದರಲ್ಲಿ ನಿಮ್ಮ ಪಾಲುಂಟು, ಬಿಡಬೇಡಿ.’
ಪಿಯಾನೋ ಮೇಲೆ ಕಾಟು:
‘ಇದಕ್ಕೆ ಜಗಳಾಡಿದರೆ
ನನ್ನ ಬಿಲ್ಲಿನಲ್ಲಿ ಎರಡು ಪಿಯಾನೋ ಬರುತ್ತವೆ.’

ಗ್ಲೆನಿಸ್ ನಕ್ಕಳು, ಮಾರ್ಚಿಯಿಂದೀಚೆಗೆ ಇದೇ ಮೊದಲು.
ನಗು ಯಾವಾಗ ಅಳುವಾಯಿತೋ,
ಗೋಡೆಯ ಗಡಿಯಾರ ಕಂಡು ಗಾಬರಿ:
‘ಇದಕ್ಕೆಷ್ಟು?’
‘ಪೆನ್ನಿನ ಟೋಪಿ ಹಾಕಿದೆನಲ್ಲ’ ಎಂದರು ಬೆವನ್,
‘ಆಗಿನಿಂದ ಲೆಕ್ಕವಿಲ್ಲ.’

ಮೆಟ್ಟಿಲಿಳಿದಾಗ ಹಸಿವು.
ಒಂದೇ ಪೊಟ್ಟಣ ಚಿಪ್ಸ್ ಕೊಂಡು,
ರೂಢಿ ತಪ್ಪದೆ
ಎರಡು ಮರದ ಫೋರ್ಕ್ ಕೇಳಿದಳು.
ಇನ್ನೊಂದನ್ನು, ಸ್ವಲ್ಪ ಹೊತ್ತು ನೋಡಿ,
ಕೋಟಿನ ಜೇಬಿಗಿಳಿಸಿದಳು.