ನಕ್ಷತ್ರ ಮೇದ ಹಸು

ಸೆಪ್ಟೆಂಬರು ಬಂತೆಂದರೆ ನಮ್ಮಪ್ಪನ ನಾಲಗೆಗೆ ಬಿಡುವಿಲ್ಲ.
ಸಾಂತಾ ಲೂಸಿಯಾ ಹೊಳೆಯಾಚೆಯ ಡೈರಿಯಲ್ಲಿ
ಕ್ಯಾನಿನ ಮುಚ್ಚಳ ತೆಗೆದು, ಮೂಸಿ,
ಒಂದು ಚಮಚ ಬಾಯಿಗೆ ಹಾಕಿ ಮುಕ್ಕಳಿಸಿ
ಬಕೆಟ್ಟಿಗೆ ಉಗುಳಿ
ಹೌದು, ಅಲ್ಲ ಅನ್ನುವುದೇ ಅವನ ಕೆಲಸ.

ಅಲ್ಲ ಅನ್ನಬೇಕಾದಾಗ ಹಾಗನ್ನುತ್ತಿರಲಿಲ್ಲ.
"ನಕ್ಷತ್ರ ಮೇದಿದೆ" ಅನ್ನುತ್ತಿದ್ದ,
ಕ್ಯಾನಿನ ಹೊಟ್ಟೆಗೆ ನೀಲಿ ಸೀಮೆಸುಣ್ಣದ ಗೀಟೆಳೆಯುತ್ತಿದ್ದ.

ಗೇಣುದ್ದವೂ ಇಲ್ಲದ ಗಿಡ.
ಒಂದು ದಂಟಿಗೆ ಒಂದೇ ಹೂ, ಆರು ಎಸಳು,
ತೊಳೆದು ತೊಳೆದು ಮಾಸಿದ
ನನ್ನ ಶಾಲೆಯ ಕೊರಳಪಟ್ಟಿಯ ನೀಲಿ.
ಎಸಳಿನ ನಡುವೆ ಪೆನ್ಸಿಲ್ಲಿನ ಗೆರೆ.
ಹೂವಿಗೆ ಮುಖ ತಂದರೆ ಜೇನು,
ಎಲೆ ಹಿಸುಕಿದರೆ ಅಪ್ಪಟ ಬೆಳ್ಳುಳ್ಳಿ.

ಎತೆಲ್ವೀನಾಳದು ಮೂರೇ ಹಸು, ಹೊಳೆಪಕ್ಕದ ತಗ್ಗು.
ಆ ತಗ್ಗಿನಲ್ಲಿ ಹುಲ್ಲಿಗಿಂತ ನಕ್ಷತ್ರವೇ ಹೆಚ್ಚು.
ವಾರಕ್ಕೆ ನಾಲ್ಕು ದಿನ ಅವಳ ಕ್ಯಾನು
ಗೀಟು ಹೊತ್ತು ಗಾಡಿಯೇರಿ ವಾಪಸ್ಸು.
ಜಗಳಕ್ಕೆ ಬರಲಿಲ್ಲ ಅವಳು. ಒಮ್ಮೆ ಮಾತ್ರ ಅಂದಳು:
"ಬಾಸಿಲಿಸಿಯೋ, ಹಸುವಿಗೆ ಓದು ಬರಲ್ಲ,
ಹಸಿವು ಬರುತ್ತೆ."

ಕತ್ತಲಾದ ಮೇಲೆ ಅಪ್ಪ ನನ್ನ ಕೈಗೆ ಜಗ್ಗು ಕೊಟ್ಟು
ಅವಳ ಮನೆಗೆ ಕಳಿಸುತ್ತಿದ್ದ.
ಎರಡು ಲೀಟರು. ಡೈರಿಯ ದರವೇ.
ನಾನು ಮೂಗು ಹಿಡಿದು ಕುಡಿದೆ,
ಅಮ್ಮ ಕಾಫಿಯಲ್ಲಿ ಮುಳುಗಿಸಿ.
ಅಪ್ಪನೊಬ್ಬ ಮೆಲ್ಲಗೆ, ಕಿಟಕಿ ನೋಡುತ್ತ,
ಎರಡನೇ ಲೋಟವನ್ನೂ ಕೇಳಿ.
ಉಗುಳಲಿಲ್ಲ.

ಆ ತಗ್ಗಿನಲ್ಲೀಗ ನೀಲಗಿರಿ ನೆಟ್ಟಿದ್ದಾರೆ
ಕಾಗದದ ಕಂಪನಿಯವರು, ಸಾಲು ಸಾಲು.
ಅದರಡಿ ಏನೂ ಅರಳುವುದಿಲ್ಲ.
ಎತೆಲ್ವೀನಾ ಎಲ್ಲಿ ಹೋದಳೆಂದು
ಯಾರೂ ಸರಿಯಾಗಿ ಹೇಳಲಿಲ್ಲ; ನಾನೂ
ಅಷ್ಟಾಗಿ ಕೇಳಲಿಲ್ಲ.

ಮೊಂತೆವಿದೇಯೋದ ಅಂಗಡಿಯಲ್ಲಿ ಇದೇ ಗೆಡ್ಡೆ,
ಐದರ ಪೊಟ್ಟಣ, ಮೇಲೆ ಬಣ್ಣದ ಚಿತ್ರ,
"ಕುಂಡಕ್ಕೂ ದಾರಿಯ ಅಂಚಿಗೂ ಸೊಗಸು".
ಹಾಲಿನ ಸುದ್ದಿಯೇ ಇಲ್ಲ.
ದುಡ್ಡು ಕೊಟ್ಟೆ.
ಮಾತೆ ಎಲೆಯ ಖಾಲಿ ಡಬ್ಬಿಗೆ ಮಣ್ಣು ತುಂಬಿ
ಬಾಲ್ಕನಿಯಲ್ಲಿಟ್ಟೆ.

ಅಪ್ಪನಿಗೆ ಮೂಗು ಹೋಗಿ ಮೂರು ವರ್ಷ.
ಅವನಿಗೆ ಕಾಫಿಯೂ ಒಂದೇ, ಸೀಮೆಎಣ್ಣೆಯೂ ಒಂದೇ.
ಈ ಬೆಳಿಗ್ಗೆ ಮೊದಲ ಹೂ ಬಿಟ್ಟಿತು.
ಎಲೆಯೊಂದನ್ನು ಹಿಸುಕಿ ಅವನ ಮೂಗಿಗೆ ಹಿಡಿದೆ.
ಏನೂ ಇಲ್ಲ, ಅಂದ. ಕೈ ತಳ್ಳಿದ.

ಆಮೇಲೆ, ಡಬ್ಬಿಗೆ ನೀರು ಹಾಕುತ್ತಿದ್ದಾಗ
ನನ್ನ ಬೆನ್ನ ಹಿಂದೆ
ಹಾಲಿಲ್ಲದ ಬಾಯಿ ಮುಕ್ಕಳಿಸುವ ಸದ್ದು.
ತುಂಬ ಹೊತ್ತು.
ಬಕೆಟ್ಟು ತರಲೇ ಅಂತ ತಿರುಗುವಷ್ಟರಲ್ಲಿ
ನುಂಗಿದ.