ಬಡಿಸಿದ ಕೈ

ಟಾಡ್‌ಮರ್ಡನ್ನಿನಲ್ಲಿ ಮೋಡ ಗುಡ್ಡ ಇಳಿದು
ಕಾಲುವೆ ದಾಟಿ, ನಮ್ಮ ಬೌಲಿಂಗ್ ಕ್ಲಬ್ಬಿನ
ಬೇಲಿ ಹಾರಿ ಬಂದು ಮಲಗುತ್ತದೆ.
ಬೆಳಗಿನ ಆರೂವರೆ. ಗೇಟಿನ ಬೀಗ ತಣ್ಣಗೆ ಕಚ್ಚುತ್ತದೆ.
ನಡುವೆ ತುಸು ಉಬ್ಬಿದ ಹುಲ್ಲಿನಂಗಳ,
ಮಗುಚಿಟ್ಟ ತಟ್ಟೆಯ ಬೆನ್ನಿನ ಹಾಗೆ.

ಮೂವತ್ತೊಂದು ವರ್ಷ ಹ್ಯಾಲಿಫ್ಯಾಕ್ಸ್ ರಸ್ತೆಯಲ್ಲಿ
ಪ್ಯಾಂಟು ಮೋಟು ಮಾಡಿದವನು, ಕೋಟಿನ ಒಳಮೈ ಬಿಚ್ಚಿದವನು ನಾನು.
ಉಣ್ಣೆಗೆ ನುಸಿ ಬಿದ್ದರೆ
ಬೆಳಕಿಗೆ ಹಿಡಿಯುವ ಮೊದಲೇ ಬೆರಳಿಗೆ ತಿಳಿಯುತ್ತಿತ್ತು.
ಹುಲ್ಲಿನ ತೂತು ಮಾತ್ರ ತಿಳಿಯಲಿಲ್ಲ.

ಮೊದಲು ಒಂದು. ಹತ್ತು ಪೆನ್ಸಿನ ಬಿಲ್ಲೆಯಗಲ,
ಚಹಾ ಚೆಲ್ಲಿದ ಬಣ್ಣ.
ಯಾರದೋ ನಾಯಿ ಎಂದುಕೊಂಡೆ.
ಊರಿನ ನಾಯಿಗಳನ್ನೆಲ್ಲ ಮೂರು ದಿನ ಬೈದೆ.
ನಾಲ್ಕನೆಯ ದಿನ ಬಿಲ್ಲೆ ಬಸಿಯಾಯಿತು,
ಬಸಿಯ ಪಕ್ಕ ಬಸಿ,
ಯಾರೋ ನೆಂಟರಿಗೆಂದು ಜೋಡಿಸಿಟ್ಟಂತೆ.

ವಿಲ್ಫ್ ಬ್ಯಾರಕ್ಲಫ್ ಬಂದರು. ಎಂಬತ್ತೆರಡು ವಯಸ್ಸು,
ಎರಡೂ ಮೊಣಕಾಲು ಆಸ್ಪತ್ರೆಯವು.
ಆದರೂ ಗೋಣಿ ಹಾಸಿ, ಮೆಲ್ಲಗೆ ಮಂಡಿಯೂರಿದರು.
"ಅಂಚು ನೋಡು," ಎಂದರು, "ನಡುವನ್ನಲ್ಲ.
ನಡು ಸತ್ತಿದೆ, ಅದೇನೂ ಹೇಳುವುದಿಲ್ಲ.
ಊಟ ನಡೆಯುತ್ತಿರುವುದು ಅಂಚಿನಲ್ಲಿ."
ಅಂಚಿನಲ್ಲಿ, ಇಬ್ಬನಿ ಆರುವ ಮುಂಚಿನ ಆ ಹತ್ತು ನಿಮಿಷ,
ಜೇಡನ ಬಲೆಯೂ ಅಲ್ಲದ, ಹತ್ತಿಯೂ ಅಲ್ಲದ
ನಸುಗೆಂಪು ಬಿಳಿಯ ಒಂದು ಉಸಿರು.

ಬೇಸಿಗೆಯಲ್ಲಿ ಬಂದಿದ್ದ ಕೆಂಪುನೂಲು ಬೇರೆ:
ಎಸಳೆಸಳ ತುದಿಗೂ ಯಾರೋ ಕಂಕಣ ಕಟ್ಟಿದಂತೆ.
ಅದು ಹಸಿದ ಹುಲ್ಲಿನ ರೋಗ.
ಒಂದು ಹಿಡಿ ಗೊಬ್ಬರ ಎರಚಿ ಮರೆತಿದ್ದೆವು; ವಾಸಿಯಾಗಿತ್ತು.
ನಾನು ಕಲಿತ ಪಾಠ ಅಷ್ಟೇ,
ಅರ್ಧ.

ವಿಲ್ಫ್ ಅಂಗೈಯಗಲ ತುಂಡು ಕೊಯ್ದು ಕೊಟ್ಟರು.
ಒದ್ದೆ ಕಾಗದದ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ
ಬಾಯ್ಲರಿನ ಮೇಲಿನ ಹಲಗೆಯಲ್ಲಿಟ್ಟೆ.
ಅಲ್ಲಿ ಆಗಲೇ ಅಂಬುಜಾಕ್ಷಿಯ ದೋಸೆಹಿಟ್ಟು ಕೂತಿತ್ತು.
ಬೆಳಗ್ಗೆ ಎರಡೂ ಎದ್ದಿದ್ದವು.
"ಯಾವುದನ್ನು ಹುಯ್ಯಲಿ?" ಎಂದಳು, ನಗದೆ.

"ಚಳಿ ಬರುವ ಹೊತ್ತಿಗೆ ಯಾರೋ ಹೊಟ್ಟೆಬಿರಿಯ ಬಡಿಸಿದ್ದಾರೆ,"
ಎಂದರು ವಿಲ್ಫ್, ಚೀಲವನ್ನು ಕಿಟಕಿಗೆ ಹಿಡಿದು.
"ಎಲೆ ಮೆತ್ತಗಾಗಿದೆ. ಬಾಗಿಲು ತೆರೆದಿಟ್ಟ ಮನೆ."
ಯಾರು ಎಂದು ಕೇಳಲಿಲ್ಲ.
ನಾನು ಬಾಯ್ಲರಿನ ಸದ್ದು ಕೇಳುತ್ತ ನಿಂತೆ.

ಕೊನೆಯ ಪಂದ್ಯ ಮುಗಿದು ಎಲ್ಲರೂ ಹೊರಟ ಮೇಲೆ,
ಹುಲ್ಲು ಬಳಲಿದಂತೆ ಕಂಡು,
ಶೆಡ್ಡಿನಲ್ಲಿ ಉಳಿದಿದ್ದ ಅರ್ಧ ಮೂಟೆ ಸಾರಜನಕವನ್ನು
ಒಬ್ಬನೇ ಎರಚಿದ್ದೆ, ಮದುವೆಮನೆಯ ಉಪಚಾರದ ಹಾಗೆ,
ಇನ್ನೊಂಚೂರು, ಇನ್ನೊಂಚೂರು ಎಂದು.
ಸಾಕೆಂದು ಎಲೆಗೆ ಅಡ್ಡ ಹಿಡಿಯಲು
ಹುಲ್ಲಿಗೆ ಕೈಯಿಲ್ಲ.

ಆಮೇಲೆ ಚಾಕರಿ.
ದಿನಾ ಮುಂಜಾನೆ ಮೂರಾಳುದ್ದದ ಬಿದಿರಗಳು ಬೀಸಿ
ಇಬ್ಬನಿ ಕೊಡವುವುದು; ಕವಲುಗೋಲು ಚುಚ್ಚಿ
ನೆಲಕ್ಕೆ ಮೂಗು ತೆರೆಯುವುದು.
ಯಂತ್ರದ ಅಲಗು ನಾನೇ ಮಸೆದೆ:
ಹರಿದ ತುದಿ ಯಾವುದು, ಕತ್ತರಿಸಿದ ತುದಿ ಯಾವುದು,
ದರ್ಜಿಗೆ ಯಾರೂ ಹೇಳಿಕೊಡಬೇಕಿಲ್ಲ.
ಸಿಕಮೋರಿನ ಕೆಳಗೊಂಬೆ ಇಳಿಸಿದೆವು, ಗಾಳಿ ಬರಲೆಂದು.
ಕಬ್ಬಿಣದ ನೀರು ಸಿಂಪಡಿಸಿದ ದಿನ
ಹುಲ್ಲು ಕಪ್ಪಿಟ್ಟಿತು, ನನ್ನ ಬೂಟು ಕೂಡ.
ನೆಲ ಹೆಪ್ಪುಗಟ್ಟಿದಾಗ ಯಾರನ್ನೂ ಒಳಬಿಡಲಿಲ್ಲ, ಪಾದ್ರಿಯನ್ನೂ.

ವಿಷ ಹೊಡೆಯೋಣವೇ ಎಂದಿತು ಕಮಿಟಿ.
"ಎಲ್ಲಿಂದಲೋ ಬಂದದ್ದಲ್ಲ ಅದು," ಎಂದರು ವಿಲ್ಫ್.
"ನಾನು ಬರುವ ಮೊದಲೂ ಇಲ್ಲೇ ಇತ್ತು, ಬೇರಿನ ಬುಡದಲ್ಲಿ.
ಊಟಕ್ಕೆ ಕರೆಯದಿದ್ದರಾಯಿತು."

ಏಪ್ರಿಲ್. ಗಾಯಗಳು ಕೂಡಿಕೊಂಡಿವೆ, ಒಂದರ ಹೊರತು:
ಸ್ಕೋರ್‌ಬೋರ್ಡಿನ ಮೂಲೆಯಲ್ಲಿ, ಬಸಿಯಗಲ,
ಕಣ್ಣಿಗೆ ಕಾಣದ, ಬೆರಳಿಗೆ ಮಾತ್ರ ಸಿಗುವ ತಗ್ಗು.
ಡೋರೀನ್ ಉರುಳಿಸಿದ ಚೆಂಡು ಅದನ್ನು ಹಾಯುವಾಗ
ಕೂದಲೆಳೆಯಷ್ಟು ವಾಲುತ್ತದೆ.
ಅವಳು ಗಾಳಿಯನ್ನು ಬೈಯುತ್ತಾಳೆ.
ವಿಲ್ಫ್ ನನ್ನ ಕಡೆ ನೋಡುವುದಿಲ್ಲ.
ಫ್ಲಾಸ್ಕಿನಿಂದ ನನ್ನ ಲೋಟಕ್ಕೆ ಚಹಾ ಬಗ್ಗಿಸುತ್ತ
"ಸಾಕೆನಿಸಿದಾಗ ಹೇಳು," ಎನ್ನುತ್ತಾರೆ.